ವೈರಿನ ಆ ತುದಿ ಎಲ್ಲಿದೆ?

ಗಿಟಾರ್ ಹಿಡಿದು ಎರಡು ವರ್ಷ ದಾಟಿದವರು ಕೇಳುವುದು ಒಂದೇ: ನಾದ ಬದಲಿಸುವ ಇಫೆಕ್ಟುಗಳೆಲ್ಲ ಒಂದೇ ಡಬ್ಬದಲ್ಲಿರುವ ಮಲ್ಟಿ ತಗೊಳ್ಳಲೋ, ಒಂದೊಂದು ಇಫೆಕ್ಟಿಗೆ ಒಂದೊಂದೇ ಪೆಡಲ್ ಕೂಡಿಸಲೋ? ಬೆಂಗಳೂರಿನ ರಾಕ್ ಬ್ಯಾಂಡಿನ ಹುಡುಗ ಕೊಡುವ ಉತ್ತರವನ್ನು ಮುಂಡಗೋಡ ತಾಲ್ಲೂಕಿನ ಮಳಗಿಯವನು ಹಾಗೆಯೇ ನಂಬಿದರೆ ದುಡ್ಡು ದಂಡ. ಬೆಂಗಳೂರಿನವನು ನುಡಿಸುವ ಕ್ಲಬ್ಬಿನಲ್ಲಿ ಗಿಟಾರ್ ಆಂಪ್ ಕಾಯುತ್ತಾ ಕೂತಿರುತ್ತದೆ. ಮಳಗಿ ಬಳಿಯ ಧರ್ಮಾ ಜಲಾಶಯದ ಸುತ್ತಿನ ಊರುಗಳಲ್ಲಿ ಎಲೆಕ್ಟ್ರಿಕ್ ಗಿಟಾರಿಗೆ ಕೆಲಸ ಸಿಗುವುದು ಜಾತ್ರೆಯ ರಸಮಂಜರಿಯಲ್ಲಿ, ಗಣಪತಿ ಪೆಂಡಾಲಿನಲ್ಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ. ಅಲ್ಲಿ ಗಿಟಾರಿನ ವೈರು ಸೌಂಡ್ ಸರ್ವಿಸಿನವರ ಮಿಕ್ಸರಿಗೆ ಹೋಗಿ ಸೇರುತ್ತದೆ. ನನ್ನ ಮಟ್ಟಿಗೆ ಅರ್ಧ ತೀರ್ಮಾನ ಇಲ್ಲೇ ಆಯಿತು.

ಯಾಕೆಂದು ತಿಳಿಯಲು ಡಿಸ್ಟಾರ್ಷನ್ ಪೆಡಲಿನ ಹೊಟ್ಟೆಯೊಳಗೆ ಒಮ್ಮೆ ಇಣುಕಬೇಕು. ಗಿಟಾರಿನ ಪಿಕಪ್‌ನಿಂದ ಬರುವ ಸಣ್ಣ ಸಿಗ್ನಲ್ಲನ್ನು ಪೆಡಲ್ ಮೊದಲು ಹಿಗ್ಗಿಸುತ್ತದೆ. ಆಮೇಲೆ ಒಂದೆರಡು ಡಯೋಡುಗಳು ಅದರ ನೆತ್ತಿಯನ್ನೂ ಬುಡವನ್ನೂ ಕತ್ತರಿಸುತ್ತವೆ. ಗುಂಡಗಿದ್ದ ಅಲೆ ಚಪ್ಪಟೆಯಾಗುತ್ತದೆ. ಹಾಗಾದಾಗ ಮೂಲ ಸ್ವರದಲ್ಲಿ ಇರದಿದ್ದ ಮೇಲಿನ ಕಂಪನಗಳು ರಾಶಿ ರಾಶಿ ಹುಟ್ಟುತ್ತವೆ. ಗಿಟಾರ್ ಆಂಪಿನ 12 ಇಂಚಿನ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ದಾಟಿದ್ದನ್ನು ಸರಿಯಾಗಿ ಹೊರಗೆ ಬಿಡುವುದೇ ಇಲ್ಲ. ಸ್ಪೀಕರಿನ ಆ ಮಂದತನವೇ ನಮಗೆ ಇಂಪು. ಪೆಂಡಾಲಿನ ಬಾಕ್ಸುಗಳಲ್ಲಿ ಹಾರ್ನ್ ಇದೆ, ಅದು ಎಲ್ಲವನ್ನೂ ಚಾಚೂ ತಪ್ಪದೆ ಕಿರುಚುತ್ತದೆ. ಒಳ್ಳೆಯ ಬ್ರಾಂಡಿನ ಡಿಸ್ಟಾರ್ಷನ್ ಪೆಡಲನ್ನು ನೇರ ಮಿಕ್ಸರಿಗೆ ಚುಚ್ಚಿ ನುಡಿಸಿದರೆ ಡಬ್ಬದೊಳಗೆ ಕಣಜ ಕೂಡಿಹಾಕಿದ ಹಾಗೆ ಕೇಳುವುದು ಈ ಕಾರಣಕ್ಕೆ. ಬೈಗುಳ ಬೀಳುವುದು ಮಾತ್ರ ಪಾಪದ ಪೆಡಲಿಗೆ.

ಮಲ್ಟಿ ಇಫೆಕ್ಟ್ಸ್ ಆಂಪ್ ಇಲ್ಲದ ಈ ಕೊರತೆಯನ್ನು ಲೆಕ್ಕದಿಂದ ತುಂಬುತ್ತದೆ. ಅದು ಸಿಗ್ನಲ್ಲನ್ನು ಸೆಕೆಂಡಿಗೆ 44,100 ಸಲವೋ ಅದಕ್ಕಿಂತ ಹೆಚ್ಚೋ ಅಳೆದು ಅಂಕಿ ಮಾಡಿಕೊಳ್ಳುತ್ತದೆ. ಡಿಸ್ಟಾರ್ಷನ್, ಕೋರಸ್, ಡಿಲೇ, ರಿವರ್ಬ್ ಎಲ್ಲವೂ ಒಂದು ಚಿಪ್‌ನಲ್ಲಿ ನಡೆಯುವ ಗುಣಾಕಾರ, ಕೂಡಿಕೆ. ಕೊನೆಯಲ್ಲಿ ಆಂಪ್ ಮತ್ತು ಕ್ಯಾಬಿನೆಟ್ಟಿನ ನಕಲನ್ನೂ ಹಚ್ಚಿ, ಹರಿತವನ್ನು ಮೊಂಡಾಗಿಸಿ ಮಿಕ್ಸರಿಗೆ ಕಳಿಸುತ್ತದೆ. ಈ ಲೆಕ್ಕಕ್ಕೆ ಕೆಲವು ಮಿಲಿಸೆಕೆಂಡ್ ಬೇಕು. ‘ಡಿಜಿಟಲ್ ತಡ’ ಎಂದು ಹೆದರಿಸುವವರಿದ್ದಾರೆ. ಗಾಳಿಯಲ್ಲಿ ಶಬ್ದ ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ತಗಲುತ್ತದೆ. ಸ್ಪೀಕರಿನಿಂದ ಒಂದು ಹೆಜ್ಜೆ ಹಿಂದೆ ನಿಂತಷ್ಟೇ ವ್ಯತ್ಯಾಸ.

ಇತಿಹಾಸದಲ್ಲಿ ಪೆಡಲ್ಲೇ ಅಣ್ಣ. 1962ರಲ್ಲಿ ಮಾಯೆಸ್ಟ್ರೊ ಫಜ್‌ಟೋನ್ ಬಂತು. ಜಪಾನಿನ ಬಾಸ್ ಕಂಪನಿಯ ಅಂಗೈಯಗಲದ ಪೆಡಲುಗಳು 1977ರಲ್ಲಿ ಶುರುವಾದವು, ಕಿತ್ತಳೆ ಬಣ್ಣದ ಡಿಎಸ್-1 ಅದರ ಮರುವರ್ಷ. ಅದೇ ಕಂಪನಿ 1988ರಲ್ಲಿ ಎಂಇ-5 ಎಂಬ ಮಲ್ಟಿಯನ್ನೂ ತಂದಿತು. ಪೆಡಲೇ ಅಸಲಿ, ಮಲ್ಟಿ ನಕಲಿ ಎನ್ನುವ ಮಾತು ಆಗಿನ ಯಂತ್ರಗಳಿಗೆ ಸ್ವಲ್ಪ ಸಲ್ಲುತ್ತಿತ್ತೇನೋ. ಈಗಿನವುಗಳ ಡಿಲೇ, ರಿವರ್ಬ್ ಕೇಳಿ ಕಣ್ಣುಮುಚ್ಚಿ ಗುರುತು ಹಿಡಿಯುವವರು ಅಪರೂಪ. ಓವರ್‌ಡ್ರೈವ್ ಎಂಬ ಮೃದು ಡಿಸ್ಟಾರ್ಷನ್ ಮಾತ್ರ ಬೇರೆ: ಬೆರಳು ಹಗುರವಾದಾಗ ತಾನೂ ಹಗುರವಾಗುವ ಆ ಸ್ಪಂದನ ಅಗ್ಗದ ಮಲ್ಟಿಯಲ್ಲಿ ಇನ್ನೂ ಅರೆಬೆಂದದ್ದು.

ಈಗ ರಸಮಂಜರಿಯ ಒಂದು ರಾತ್ರಿ ನೋಡಿ. ರಾಜನ್-ನಾಗೇಂದ್ರ ಅವರ ಮೆಲೊಡಿಗೆ ಮೆದುವಾದ ಕ್ಲೀನ್ ನಾದ ಬೇಕು. ಹಿಂದೆಯೇ 1981ರ ‘ಗೀತಾ’ ಚಿತ್ರದ ಇಳಯರಾಜಾ ಹಾಡು. (ಇಳಯರಾಜಾ ನಮ್ಮ ಜಿ.ಕೆ. ವೆಂಕಟೇಶ್ ಅವರ ಬಳಿ ಗಿಟಾರ್ ನುಡಿಸುತ್ತಾ, ಸಹಾಯಕರಾಗಿ ಪಳಗಿದವರು ಎಂಬುದನ್ನು ಗಿಟಾರಿಗರು ಹೆಮ್ಮೆಯಿಂದ ಹೇಳಿಕೊಳ್ಳಬಹುದು.) ಆಮೇಲೆ ‘ಪ್ರೇಮಲೋಕ’ದ ಹಂಸಲೇಖ, ನಡುವೆ ಒಂದು ಜಾನಪದ, ಕೊನೆಗೆ ಅರ್ಜುನ್ ಜನ್ಯ ಅವರ ಕುಣಿತದ ಹಾಡಿಗೆ ಗಡುಸು ಡಿಸ್ಟಾರ್ಷನ್. ಒಂದರಿಂದ ಇನ್ನೊಂದಕ್ಕೆ ಹೋಗಲು ನಿರೂಪಕ ಎರಡು ಮಾತಾಡುವಷ್ಟೇ ಹೊತ್ತು. ಐದು ಪೆಡಲ್ ಇದ್ದವನು ಅಷ್ಟರಲ್ಲಿ ಮೂರನ್ನು ಒತ್ತಿ, ಎರಡರ ಗುಬ್ಬಿ ತಿರುಗಿಸಬೇಕು. ಮಲ್ಟಿಯವನು ಮೊದಲೇ ಹೊಂದಿಸಿ ಉಳಿಸಿಟ್ಟ ಒಂದು ‘ಪ್ಯಾಚ್’ ಒತ್ತಿ ನೀರು ಕುಡಿಯುತ್ತಾನೆ.

ಕರೆಂಟಿನ ಮಾತು ಇನ್ನೂ ಮುಖ್ಯ. ಮಳೆಗಾಲದಲ್ಲಿ ಲೈನ್ ಮೇಲೆ ಕೊಂಬೆ ಬಿದ್ದರೆ ಅಭ್ಯಾಸವೇ ನಿಂತಿತು, ಕಾರ್ಯಕ್ರಮವಾದರೆ ಜನರೇಟರ್. ಪೆಡಲುಗಳಿಗೆ ಬೇಕಾದ್ದು 9 ವೋಲ್ಟ್, ಸಾಮಾನ್ಯವಾಗಿ ಪಿನ್ನಿನ ನಡುಮಧ್ಯ ಮೈನಸ್. ಅನಲಾಗ್ ಡಿಸ್ಟಾರ್ಷನ್ ಕೆಲವೇ ಮಿಲಿಆಂಪಿಯರ್ ಎಳೆದರೆ ಡಿಜಿಟಲ್ ಡಿಲೇ ಅದರ ಹತ್ತಾರು ಪಟ್ಟು ಎಳೆಯುತ್ತದೆ. ಎಲ್ಲವನ್ನೂ ಒಂದೇ ಅಡಾಪ್ಟರಿನಿಂದ ಮಾಲೆ ಕಟ್ಟಿದಂತೆ ಜೋಡಿಸಿದರೆ ಕುಂಯ್ ಎನ್ನುವ ಸಣ್ಣ ರಾಗ ಸೇರಿಕೊಳ್ಳುತ್ತದೆ. ಅದನ್ನು ತಪ್ಪಿಸಲು ಪ್ರತಿ ಪೆಡಲಿಗೆ ಬೇರೆ ಬೇರೆ ಹೊರದಾರಿ ಇರುವ ಐಸೊಲೇಟೆಡ್ ಪವರ್ ಸಪ್ಲೈ ಬೇಕು. ಪೆಡಲ್ ಕೊಳ್ಳುವವರು ಲೆಕ್ಕದಲ್ಲಿ ಮರೆಯುವ ಖರ್ಚೇ ಇದು. ಜೂಮ್ ಜಿ1 ಫೋರ್, ಬಾಸ್ ಜಿಟಿ-1ರಂಥ ಸಣ್ಣ ಮಲ್ಟಿಗಳು ಗೋಡೆ ಗಡಿಯಾರಕ್ಕೆ ಹಾಕುವಂಥ ನಾಲ್ಕು ಸೆಲ್ಲಿನ ಮೇಲೆ ನಡೆಯುತ್ತವೆ. ಕರೆಂಟ್ ಕೈಕೊಟ್ಟರೂ ಇಯರ್‌ಫೋನ್ ಹಾಕಿಕೊಂಡು ಅಭ್ಯಾಸ ಸಾಗುತ್ತದೆ, ಮನೆಯವರ ನಿದ್ದೆಯೂ ಕೆಡದು. ಥಂಡಿಯೂ ಮಲ್ಟಿಯ ಪರವೇ. ಐದು ಪೆಡಲಿಗೆ ಆರು ಕೇಬಲ್, ಹನ್ನೆರಡು ಜ್ಯಾಕ್. ಆಷಾಢದ ತೇವಕ್ಕೆ ಅವುಗಳಲ್ಲಿ ಒಂದು ಕಿಲುಬು ಹಿಡಿದರೂ ಗಿಟಾರ್ ಮೂಕ.

ಹಾಗಾದರೆ ಪೆಡಲ್ ಯಾರಿಗೆ? ಸ್ವಂತ ಆಂಪ್ ಇದ್ದು, ಬೇಕಾದ ನಾದ ಎರಡೋ ಮೂರೋ ಎಂದು ಗೊತ್ತಾದವರಿಗೆ. ಕಿವಿ ಬೆಳೆಸುವುದರಲ್ಲಿ ಪೆಡಲಿಗೆ ಸಾಟಿಯಿಲ್ಲ. ಮೂರೇ ಗುಬ್ಬಿ, ತಿರುಗಿಸಿದ ಕೂಡಲೇ ಫಲ ಕೇಳಿಸುತ್ತದೆ. ಡಿಲೇಯನ್ನು ಡಿಸ್ಟಾರ್ಷನ್ನಿಗೆ ಮೊದಲು ಇಟ್ಟರೆ ಪ್ರತಿಧ್ವನಿಗಳೂ ಕತ್ತರಿಗೆ ಸಿಕ್ಕಿ ಕೆಸರಾಗುತ್ತವೆ, ನಂತರ ಇಟ್ಟರೆ ಒಂದೊಂದೂ ಬಿಡಿಬಿಡಿ. ಇದನ್ನು ಕೈಯಾರೆ ಕೇಬಲ್ ಬದಲಿಸಿ ಕಲಿತವನು ಮರೆಯುವುದಿಲ್ಲ. ಮಲ್ಟಿ ಕೊಂಡವರಲ್ಲಿ ಹಲವರು ನೂರು ರೆಡಿಮೇಡ್ ಪ್ಯಾಚುಗಳ ನಡುವೆ ಅಲೆದೇ ಸಂಜೆ ಕಳೆಯುತ್ತಾರೆ. ರಿಪೇರಿಯಲ್ಲೂ ಪೆಡಲ್ ಬಡವರ ಬಂಧು: ಹಳೆಯ ಅನಲಾಗ್ ಪೆಡಲನ್ನು ಬೆಸುಗೆ ಬಲ್ಲ ಟಿವಿ ಮೆಕ್ಯಾನಿಕ್ಕೂ ಎಬ್ಬಿಸಬಲ್ಲ. ಮಲ್ಟಿಯ ಬೋರ್ಡು ಸತ್ತರೆ ದೊಡ್ಡ ಶಹರಿನ ಸರ್ವಿಸ್ ಸೆಂಟರೇ ಗತಿ.

ನನ್ನನ್ನು ಕೇಳಿದರೆ, ಮೊದಲು ಸಣ್ಣ ಮಲ್ಟಿ. ವರ್ಷದ ಮೇಲೆ ಅದರ ಓವರ್‌ಡ್ರೈವ್ ಚಪ್ಪೆ ಅನ್ನಿಸಿದರೆ ಒಂದೇ ಒಂದು ಒಳ್ಳೆಯ ಪೆಡಲನ್ನು ಗಿಟಾರ್ ಮತ್ತು ಮಲ್ಟಿಯ ನಡುವೆ ಸೇರಿಸಿ. ಇದು ರಾಜಿಸೂತ್ರ ಅಲ್ಲ, ಹಲವು ವೃತ್ತಿಪರ ತಂಡಗಳ ಗಿಟಾರಿಗರೂ ಹಿಡಿಯುವ ದಾರಿ.

ಕೊಂಡ ಮೇಲೆ ಎಡವುವುದು ಎರಡು ಕಡೆ. ಮಲ್ಟಿಯ ಔಟ್‌ಪುಟ್ ಸೆಟ್ಟಿಂಗಿನಲ್ಲಿ ಮಿಕ್ಸರಿಗೆ ಬೇಕಾದ ‘ಲೈನ್’ ಇದೆಯೋ, ಗಿಟಾರ್ ಆಂಪಿಗೆ ಬೇಕಾದ ‘ಆಂಪ್’ ಇದೆಯೋ ನೋಡಿ. ಗಿಟಾರ್ ಆಂಪಿಗೆ ಹಾಕುವಾಗಲೂ ಕ್ಯಾಬಿನೆಟ್ ನಕಲು ಹಾಗೇ ಉಳಿದರೆ ಕಂಬಳಿ ಹೊದ್ದು ಹಾಡಿದ ಹಾಗಾಗುತ್ತದೆ. ಇನ್ನೊಂದು, ಇಯರ್‌ಫೋನಿನಲ್ಲಿ ಕಟ್ಟಿದ ಪ್ಯಾಚ್ ಪೆಂಡಾಲಿನಲ್ಲಿ ಕೈಕೊಡುತ್ತದೆ: ಮನೆಯಲ್ಲಿ ಹಿತವೆನಿಸಿದ ರಿವರ್ಬ್ ಅಲ್ಲಿ ಕೆರೆಯಷ್ಟು, ಡಿಸ್ಟಾರ್ಷನ್ ಅರ್ಧ ಇಳಿಸಿದರೂ ಸಾಲದು, ಒಂದು ಪ್ಯಾಚಿನಿಂದ ಇನ್ನೊಂದಕ್ಕೆ ಜಿಗಿದಾಗ ಸದ್ದು ಏರುಪೇರು. ಕಾರ್ಯಕ್ರಮದ ದಿನ ಬೇಗ ಹೋಗಿ, ಮಿಕ್ಸರ್ ಕಟ್ಟುವ ಹುಡುಗನಿಗೆ ಒಂದು ಚಹಾ ಕೊಡಿಸಿ. ಜನ ಬರುವ ಮೊದಲೇ ಆ ಬಾಕ್ಸುಗಳಲ್ಲಿಯೇ ನಿಮ್ಮ ಎಲ್ಲ ಪ್ಯಾಚುಗಳ ವಾಲ್ಯೂಮ್ ಸರಿತೂಗಿಸಿ, ಸೇವ್ ಒತ್ತಿ. ಸೇವ್ ಒತ್ತುವುದನ್ನು ನಾನೇ ಒಮ್ಮೆ ಮರೆತು, ಇಡೀ ರಾತ್ರಿ ಕಣಜ ನುಡಿಸಿದ್ದೇನೆ.