ಹಳೆಯ ಮೋಟಾರು ಕಾರನ್ನು ಕೊಳ್ಳುವುದಕ್ಕೆ ಮುಂಚೆ

ಹಳೆಯ ಕಾರನ್ನು ಕ್ರಯಕ್ಕೆ ಕೊಳ್ಳುವ ರೈತರು ಎಂಜಿನ್ನು, ಟೈರುಗಳನ್ನು ಪರೀಕ್ಷಿಸುವರೇ ಹೊರತು, ತಯಾರಕರು ದೋಷವನ್ನು ಕಂಡು ಹಿಂದಕ್ಕೆ ಕರೆದ ಗಾಡಿಯೋ ಎಂದು ವಿಚಾರಿಸುವುದು ಅಪೂರ್ವ. ಕರೆಯ ಕಾಗದವು ಮೊದಲಿನ ಯಜಮಾನನಲ್ಲಿಯೇ ನಿಂತುಬಿಡುವುದುಂಟು. ಟಕಾಟಾ ಕಂಪನಿಯ ಗಾಳಿಚೀಲಗಳಲ್ಲಿ ಅಮೋನಿಯಂ ನೈಟ್ರೇಟನ್ನು ಉಪಯೋಗಿಸಿದ್ದರು. ಸುಣ್ಣಕಲ್ಲಿನ ಪುಡಿಯೊಡನೆ ಬೆರೆತು ಗೊಬ್ಬರವಾಗಿಯೂ ಬರುವ ಈ ಲವಣವು ತೇವವನ್ನು ಹೀರತಕ್ಕದ್ದೆಂಬುದನ್ನು ರೈತರು ಬಲ್ಲರು. ಬಹುಕಾಲದ ಸೆಕೆ ತೇವಗಳಿಂದ ಕೆಟ್ಟ ಈ ಮದ್ದು ಅಪಘಾತಕಾಲದಲ್ಲಿ ಅತಿವೇಗವಾಗಿ ಉರಿದು, ಲೋಹದ ಕೋಶವನ್ನೇ ಸಿಡಿಸಿ, ಕುಳಿತವರ ಮೇಲೆ ಚೂರುಗಳನ್ನು ಎರಚಿ ಪ್ರಾಣಹಾನಿ ಮಾಡಿದೆ. ಹೊರನೋಟಕ್ಕೆ ಇದು ತಿಳಿಯದು.

ಆದಕಾರಣ ಮುಂಗಡ ಕೊಡುವುದಕ್ಕೆ ಮುಂಚೆ ರಿಜಿಸ್ಟ್ರೇಷನ್ ಪತ್ರದ ಷಾಸಿ ನಂಬರನ್ನು ಗಾಡಿಯ ಮೇಲಿನದರೊಡನೆ ತಾಳೆನೋಡಿ, ಆ 17 ಅಕ್ಷರಾಂಕಗಳನ್ನು ತಯಾರಕರ ಅಧಿಕೃತ ದುರಸ್ತಿ ಕೇಂದ್ರದಲ್ಲಿ ತೋರಿಸಿ ವಿಚಾರಿಸತಕ್ಕದ್ದು. ಕೆಲಸ ಬಾಕಿಯಿದ್ದರೆ ಮಾರುವವನಿಂದಲೇ ಮಾಡಿಸಿ ಚೀಟಿ ಪಡೆಯುವುದು ಲೇಸು. ಹಿಂದಕ್ಕೆ ಕರೆದ ದೋಷದ ದುರಸ್ತಿಯನ್ನು ತಯಾರಕರು ತಮ್ಮ ಖರ್ಚಿನಲ್ಲಿಯೇ ಮಾಡಿಕೊಡುವರು.