ಮಗು ಶಾಲೆಯಲ್ಲಿ ಬರೀ ಕಾಳು ಸುರೀತಿದ್ಯಾ? ಮಾಂಟೆಸ್ಸರಿ ಬಗ್ಗೆ ಇರುವ ತಪ್ಪು ತಿಳಿವಳಿಕೆಗಳು

ದಮಾಮ್‌ನಲ್ಲಿ ಸಂಜೆ ಆರೂವರೆಗೆ ರೂಮಿಗೆ ಬಂದು ವಿಡಿಯೋ ಕಾಲ್ ಮಾಡಿದರೆ ಊರಲ್ಲಿ ರಾತ್ರಿ ಒಂಬತ್ತು. ಮಗು ನಿದ್ದೆಗಣ್ಣಲ್ಲಿ ಇರುತ್ತದೆ. "ಇವತ್ತು ಶಾಲೆಯಲ್ಲಿ ಏನು ಕಲಿಸಿದ್ರು?" ಅಂದರೆ "ಕಾಳು ಸುರಿದೆ" ಅನ್ನುತ್ತದೆ. ನೋಟ್‌ಬುಕ್ ಖಾಲಿ, ಹೋಮ್‌ವರ್ಕ್ ಇಲ್ಲ. ಇಷ್ಟು ಫೀಸು ಕಟ್ಟಿದ್ದು ಇದಕ್ಕಾ ಎಂದು ಅಪ್ಪನಿಗೆ ಅನಿಸುವುದು ಸಹಜ.

ಈ ಅಪ್ಪ ದೂರ ಉಳಿಯುವುದಕ್ಕೂ ಒಂದು ಲೆಕ್ಕ ಇದೆ. ಸೌದಿಯಲ್ಲಿ ಖಾಸಗಿ ಕಂಪನಿಯ ವಿದೇಶಿ ನೌಕರರ ಕುಟುಂಬಕ್ಕೆ 2017ರ ಜುಲೈಯಲ್ಲಿ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಶುರುವಾಯಿತು. 2020ಕ್ಕೆ ಅದು 400 ಆಯಿತು. ಹೆಂಡತಿ, ಇಬ್ಬರು ಮಕ್ಕಳು ಎಂದರೆ ವರ್ಷಕ್ಕೆ 14,400 ರಿಯಾಲ್. ಹಾಗಾಗಿ ಎಷ್ಟೋ ಮಂದಿ ಮನೆಯವರನ್ನು ಊರಿಗೆ ಕಳಿಸಿದರು. ಅವರಿಗೆ ಮಗುವಿನ ಶಾಲೆ ಕಾಣುವುದು ವಾಟ್ಸಾಪ್‌ಗೆ ಬರುವ ನೋಟ್‌ಬುಕ್ ಫೋಟೋದಲ್ಲಿ, ಫೀಸಿನ ರಸೀದಿಯಲ್ಲಿ ಮಾತ್ರ. ಮಗು ತಾನಾಗಿ ಆರಿಸಿಕೊಂಡು ಕಲಿಯುವ ಪದ್ಧತಿಯಲ್ಲಿ ಮೊದಲ ವರ್ಷ ಫೋಟೋ ತೆಗೆಯುವಂಥದ್ದು ಹೆಚ್ಚೇನೂ ಇರುವುದಿಲ್ಲ.

ಇದು ಶ್ರೀಮಂತರ ಶೋಕಿ ಅನ್ನುವವರಿದ್ದಾರೆ. ಆದರೆ ಮಾರಿಯಾ ಮಾಂಟೆಸ್ಸರಿ 1907ರ ಜನವರಿಯಲ್ಲಿ ರೋಮ್‌ನ ಸ್ಯಾನ್ ಲೊರೆಂಜೊದಲ್ಲಿ ತೆರೆದ ಮೊದಲ ಮಕ್ಕಳ ಮನೆ ಕೂಲಿ ಕಾರ್ಮಿಕರ ಮಕ್ಕಳಿಗಾಗಿ ಇತ್ತು. ಅಪ್ಪ ಅಮ್ಮ ದುಡಿಯಲು ಹೋದಾಗ ನೋಡುವವರಿಲ್ಲದೆ ಅಲೆಯುತ್ತಿದ್ದ ಮಕ್ಕಳು ಅವು.

ಅಕ್ಷರವನ್ನೇ ಕಲಿಸಲ್ಲ ಎಂಬುದು ದೊಡ್ಡ ದೂರು. ಕಾಳು ಹೆಕ್ಕುವಾಗ, ಗುಂಡಿ ಹಾಕುವಾಗ ಮಗು ಪೆನ್ಸಿಲ್ ಹಿಡಿಯುವ ಮೂರು ಬೆರಳುಗಳನ್ನೇ ಬಳಸುತ್ತದೆ. ಆಮೇಲೆ ಉಪ್ಪುಕಾಗದದಲ್ಲಿ ಕತ್ತರಿಸಿ ಅಂಟಿಸಿದ ಅಕ್ಷರದ ಮೇಲೆ ಬೆರಳಾಡಿಸುತ್ತಾ ಅದರ ಸದ್ದು ಹೇಳುತ್ತದೆ. ಬೆರಳು ದಾರಿ ಕಲಿತ ಮೇಲೆ ಬರವಣಿಗೆ. ಮೂರೂವರೆ ವರ್ಷದ ಮಗುವಿನ ಕೈ ಹಿಡಿದು ನೂರು ಸಲ 'ಅ' ತಿದ್ದಿಸಿದರೆ ಫೋಟೋ ಚೆನ್ನಾಗಿ ಬರುತ್ತದೆ, ಅಷ್ಟೇ.

ಶಿಸ್ತಿಲ್ಲ ಎಂಬುದೂ ಪೂರ್ತಿ ನಿಜವಲ್ಲ. ಟೀಚರ್ ಒಮ್ಮೆ ಮಾಡಿ ತೋರಿಸಿದ ಸಾಮಾನನ್ನೇ ಮಗು ಆರಿಸಬೇಕು, ಮುಗಿದ ಮೇಲೆ ಅದೇ ಜಾಗದಲ್ಲಿ ಇಡಬೇಕು. ಪ್ರತಿ ಸಾಮಾನೂ ಒಂದೊಂದೇ ಇರುವುದರಿಂದ ಬೇರೆ ಮಗು ಬಳಸುತ್ತಿದ್ದರೆ ಕಾಯಬೇಕು.

ಹಾಗಂತ ಬೋರ್ಡ್ ನೋಡಿ ದುಡ್ಡು ಕಟ್ಟುವಂತಿಲ್ಲ. 'ಮಾಂಟೆಸ್ಸರಿ' ಎಂಬ ಹೆಸರು ಯಾರ ಸ್ವತ್ತೂ ಅಲ್ಲ, ಯಾರು ಬೇಕಾದರೂ ಹಾಕಿಕೊಳ್ಳಬಹುದು. ಸೇರಿಸುವ ಮೊದಲು ಮಗುವಿನ ಅಮ್ಮ ಒಂದು ಬೆಳಿಗ್ಗೆ ಒಳಗೆ ಕೂತು ನೋಡಲು ಕೇಳಲಿ. ಸಾಮಾನು ಮಗುವಿನ ಕೈಗೆ ಎಟಕುವ ಕಪಾಟಿನಲ್ಲಿದೆಯೋ, ಗಾಜಿನ ಬೀರುವಿನಲ್ಲಿ ಬೀಗ ಹಾಕಿದೆಯೋ? ಅರ್ಧ ಗಂಟೆಗೊಮ್ಮೆ ಬೆಲ್ ಹೊಡೆಯುತ್ತದೋ, ಎರಡು-ಮೂರು ಗಂಟೆ ಮಗುವಿಗೆ ಬಿಡುವು ಕೊಡುತ್ತಾರೋ? ಮೂರರಿಂದ ಆರು ವರ್ಷದವರು ಒಟ್ಟಿಗಿದ್ದಾರೋ? ಕಲಿಸುವವರಿಗೆ ಆ ತರಬೇತಿ ಎಲ್ಲಿ ಆಗಿದೆ? ಉತ್ತರ ಕೊಡಲು ತಡವರಿಸಿದರೆ ಡೊನೇಷನ್ ರಸೀದಿ ಹರಿಸುವ ಮುಂಚೆ ಯೋಚಿಸಿ.

ದುಬಾರಿ ಕಿಟ್ ಕಾರ್ಗೋದಲ್ಲಿ ಕಳಿಸುವ ಅಗತ್ಯವೂ ಇಲ್ಲ. ಎರಡು ಲೋಟ, ಒಂದು ಹಿಡಿ ಕಡಲೆ, ಒಂದು ಒರೆಸುವ ಬಟ್ಟೆ ಸಾಕು. (ಮೂರು ವರ್ಷದೊಳಗಿನ ಮಗುವಿಗೆ ಕಾಳು ಬೇಡ, ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಸಿಕ್ಕೀತು. ನೀರು ಕೊಡಿ.) ನಮ್ಮ ಅಂಗನವಾಡಿಗಳ 'ಚಿಲಿಪಿಲಿ' ಚಟುವಟಿಕೆಗಳೂ ಹಾಡು, ಕಥೆ, ಆಟದ ಮೂಲಕವೇ ಕಲಿಸುತ್ತವೆ.

ಒಂದು ಆತಂಕ ಮಾತ್ರ ನಿಜ. ಮಾಂಟೆಸ್ಸರಿಯ ಸುತ್ತು ಮೂರು ವರ್ಷದ್ದು. ಓದು, ಬರಹ, ಕೂಡಿಸುವ ಲೆಕ್ಕ ಗಟ್ಟಿಯಾಗುವುದು ಹೆಚ್ಚಾಗಿ ಕೊನೆಯ ವರ್ಷದಲ್ಲಿ. ಅಪ್ಪನಿಗೆ ಫ್ಯಾಮಿಲಿ ವೀಸಾ ಸಿಕ್ಕಿತು ಎಂದು ಎರಡನೇ ವರ್ಷಕ್ಕೆ ಬಿಡಿಸಿ, ಜೆದ್ದಾದಲ್ಲೋ ರಿಯಾದ್‌ನಲ್ಲೋ ಇಂಡಿಯನ್ ಸ್ಕೂಲಿಗೆ ಸೇರಿಸಿದರೆ ಮಗು ಕೆಲವು ತಿಂಗಳು ಒದ್ದಾಡಬಹುದು. ಬೆಂಚು, ಬೆಲ್ಲು, ಎಲ್ಲರಿಗೂ ಒಂದೇ ಪಾಠ ಅದಕ್ಕೆ ಹೊಸತು. ಆಗ ಮಗು ದಡ್ಡ ಎಂದೋ ಹಳೇ ಶಾಲೆ ಮೋಸ ಮಾಡಿತು ಎಂದೋ ತೀರ್ಮಾನಿಸಬೇಡಿ. ವೀಸಾ ಯೋಚನೆ ಇದ್ದವರು ಊರಿನ ಟೀಚರ್‌ಗೆ ಮೊದಲೇ ಹೇಳಿಟ್ಟರೆ ಒಳ್ಳೆಯದು.

ಅಲ್ಲಿಯವರೆಗೆ ಕಾಲ್‌ನಲ್ಲಿ ಪ್ರಶ್ನೆ ಬದಲಿಸಿ ನೋಡಬಹುದು: "ಕಾಳು ಹೇಗೆ ಸುರಿದೆ? ಅಪ್ಪಂಗೆ ತೋರ್ಸು ನೋಡೋಣ." ಅಮ್ಮ ಲೋಟ ತಂದುಕೊಟ್ಟು ಫೋನನ್ನು ಗೋಡೆಗೆ ಒರಗಿಸಿಟ್ಟರೆ ಆಯಿತು.