ಸ್ಯಾಡಲ್ ಸಾಲು ಯಾಕೆ ಸೊಟ್ಟಗಿದೆ?

ಸ್ಟ್ರಾಟೋಕಾಸ್ಟರ್ ಎಂಬ ಎಲೆಕ್ಟ್ರಿಕ್ ಗಿಟಾರೊಂದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅದರ ಬ್ರಿಡ್ಜನ್ನು ಮೇಲಿನಿಂದ ನೋಡಿ. ಆರು ತಂತಿಗಳಿಗೆ ಆರು ಸ್ಯಾಡಲ್‌ಗಳು, ಅಂದರೆ ತಂತಿಯ ಕೊನೆಗೆ ಆಸರೆಯಾಗುವ ಪುಟ್ಟ ಲೋಹದ ತುಂಡುಗಳು. ಚೆನ್ನಾಗಿ ಹೊಂದಿಸಿದ ಗಿಟಾರಿನಲ್ಲಿ ಈ ಆರೂ ಒಂದೇ ಗೆರೆಯಲ್ಲಿ ಇರುವುದೇ ಇಲ್ಲ. ಎಲ್ಲಕ್ಕಿಂತ ತೆಳುವಾದ ಒಂದನೇ ತಂತಿಯ ಸ್ಯಾಡಲ್ ನೆಕ್ ಕಡೆಗೆ ಮುಂದೆ ಬಂದಿರುತ್ತದೆ. ಎರಡನೆಯದು ಕೊಂಚ ಹಿಂದೆ, ಮೂರನೆಯದು ಇನ್ನೂ ಹಿಂದೆ. ನಾಲ್ಕಕ್ಕೆ ಬಂದಾಗ ಸಾಲು ತಟ್ಟನೆ ಮುಂದಕ್ಕೆ ಜಿಗಿಯುತ್ತದೆ, ಐದು ಮತ್ತು ಆರು ಮತ್ತೆ ಹಿಂದೆ ಸರಿಯುತ್ತವೆ. ಹೊಸದಾಗಿ ಗಿಟಾರ್ ಕೊಂಡವರು ಇದನ್ನು ಕಂಡು, ಯಾರೋ ಕೆಡಿಸಿದ್ದಾರೆಂದುಕೊಂಡು ಎಲ್ಲವನ್ನೂ ನೆಟ್ಟಗೆ ಮಾಡಿಬಿಡುವುದುಂಟು. ಆಮೇಲೆ ಒತ್ತದೆ ಬಿಟ್ಟ ತಂತಿಗಳು ಶ್ರುತಿಯಲ್ಲೇ ಇರುತ್ತವೆ, ಆದರೆ ನೆಕ್ ಮೇಲಿನ ಅಡ್ಡ ಪಟ್ಟಿಗಳಲ್ಲಿ, ಅಂದರೆ ಫ್ರೆಟ್‌ಗಳಲ್ಲಿ, ಕೈ ಬ್ರಿಡ್ಜ್ ಕಡೆಗೆ ಹೋದಂತೆ ಅಪಸ್ವರ ಶುರುವಾಗುತ್ತದೆ. ನೆಕ್‌ನ ಉದ್ದಕ್ಕೂ ಪ್ರತಿ ಫ್ರೆಟ್‌ನಲ್ಲೂ ಸ್ವರ ತನ್ನ ಜಾಗದಲ್ಲಿ ನಿಲ್ಲುತ್ತದೆಯೇ ಎಂಬುದಕ್ಕೆ ಗಿಟಾರಿನವರು ಇಂಟೊನೇಶನ್ ಎನ್ನುತ್ತಾರೆ. ಆ ಸೊಟ್ಟ ಸಾಲು ಅದಕ್ಕಾಗಿಯೇ ಇದೆ.

ಮೊದಲು ಫ್ರೆಟ್‌ಗಳ ಲೆಕ್ಕ ನೋಡೋಣ. ತಂತಿಯ ಉದ್ದ ಅರ್ಧವಾದರೆ ಕಂಪನಾಂಕ ಎರಡು ಪಟ್ಟಾಗಿ ಷಡ್ಜವಿದ್ದದ್ದು ತಾರಷಡ್ಜವಾಗುತ್ತದೆ. ಈ ಒಂದು ಸ್ಥಾಯಿಯನ್ನು 12 ಸಮ ಹೆಜ್ಜೆಗಳಾಗಿ ಹಂಚಿದರೆ ಪ್ರತಿ ಹೆಜ್ಜೆಗೂ ಕಂಪನಾಂಕ 1.0595 ಪಟ್ಟು ಏರಬೇಕು. ಇದು 2ರ ಹನ್ನೆರಡನೇ ಮೂಲ. ಸ್ಟ್ರಾಟೋಕಾಸ್ಟರಿನಲ್ಲಿ ನಟ್‌ನಿಂದ, ಅಂದರೆ ನೆಕ್‌ನ ಮೇಲ್ತುದಿಯಲ್ಲಿ ತಂತಿಗಳು ಕೂರುವ ಕೊರಕಲು ಪಟ್ಟಿಯಿಂದ, ಬ್ರಿಡ್ಜ್‌ವರೆಗೆ ಲೆಕ್ಕದ ಉದ್ದ ಇಪ್ಪತ್ತೈದೂವರೆ ಇಂಚು, ಸುಮಾರು 648 ಮಿ.ಮೀ. ಹಾಗಾಗಿ ಒಂದನೇ ಫ್ರೆಟ್ ನಟ್‌ನಿಂದ 36.4 ಮಿ.ಮೀ. ದೂರದಲ್ಲಿ, 12ನೆಯದು ಸರಿಯಾಗಿ ನಡುವೆ, 324 ಮಿ.ಮೀ.ನಲ್ಲಿ ಕೂರುತ್ತದೆ. 1.0595 ಎಂಬ ಆ ಸಂಖ್ಯೆಯನ್ನು ಚೀನಾದ ಮಿಂಗ್ ರಾಜಮನೆತನದ ಜೂ ಝೈಯು 1584ರಲ್ಲೇ ಲೆಕ್ಕ ಹಾಕಿದ್ದ. ಅದಕ್ಕೆ ಮೂರು ವರ್ಷ ಮೊದಲು ಇಟಲಿಯಲ್ಲಿ ಲ್ಯೂಟ್ ವಾದಕ ವಿನ್ಸೆಂಜೊ ಗೆಲಿಲಿ, ಅಂದರೆ ಖಗೋಳ ವಿಜ್ಞಾನಿ ಗೆಲಿಲಿಯೊನ ತಂದೆ, ಇನ್ನೊಂದು ಸುಲಭ ಸೂತ್ರ ಕೊಟ್ಟಿದ್ದ: ಉಳಿದ ಉದ್ದವನ್ನು 18 ಭಾಗ ಮಾಡಿ, ಒಂದು ಭಾಗ ಬಿಟ್ಟು ಮುಂದಿನ ಫ್ರೆಟ್ ಕಟ್ಟಿ. ಗಣಿತದ ಕಣ್ಣಿಗೆ ಇದು ತಪ್ಪು. ಹೀಗೆ ಕಟ್ಟಿದರೆ 12ನೇ ಫ್ರೆಟ್ ನಡುಬಿಂದುವಿಗಿಂತ ಸ್ವಲ್ಪ ಮೊದಲೇ ಬಿದ್ದು ಸ್ವರ ತುಸು ಇಳಿಯುತ್ತದೆ. ಆದರೂ ವಾದ್ಯ ಮಾಡುವವರು ಈ ಸೂತ್ರವನ್ನು ಶತಮಾನಗಳ ಕಾಲ ಬಿಡಲಿಲ್ಲ. ಬೆರಳು ಒತ್ತಿದಾಗ ಸ್ವರ ಏರುತ್ತದೆ. ಸೂತ್ರದ ಇಳಿತ, ಬೆರಳಿನ ಏರಿಕೆ ಎರಡೂ ಒಂದಕ್ಕೊಂದು ಒಂದಿಷ್ಟು ವಜಾ ಆಗುತ್ತಿದ್ದವು.

ಬೆರಳು ಒತ್ತಿದರೆ ಸ್ವರ ಏರುವುದೇಕೆ? ತಂತಿ ಫ್ರೆಟ್‌ಗಿಂತ ಮೇಲೆ ತೇಲುತ್ತಿರುತ್ತದೆ. ಅದನ್ನು ಕೆಳಕ್ಕೆ ಒತ್ತಿದಾಗ ನೇರವಾಗಿದ್ದ ಹಾದಿ ಬಾಗಿ, ತಂತಿ ಕೊಂಚ ಹಿಗ್ಗಲೇಬೇಕು. ಹಿಗ್ಗಿದರೆ ಬಿಗಿ ಹೆಚ್ಚುತ್ತದೆ. ಬಿಗಿ ಹೆಚ್ಚಿದಂತೆ ಅದರ ವರ್ಗಮೂಲದ ಲೆಕ್ಕದಲ್ಲಿ ಕಂಪನಾಂಕ ಏರುತ್ತದೆಂದು ಫ್ರಾನ್ಸಿನ ಮರಿನ್ ಮೆರ್ಸೆನ್ 1636ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿದೆ. 12ನೇ ಫ್ರೆಟ್ ಮೇಲೆ ತಂತಿಯ ಎತ್ತರ 2 ಮಿ.ಮೀ. ಇದೆಯೆಂದು ಇಟ್ಟುಕೊಳ್ಳಿ. ಅಲ್ಲಿ ಒತ್ತಿದಾಗ ತಂತಿ ಹಿಗ್ಗುವುದು ಸುಮಾರು 0.012 ಮಿ.ಮೀ. ಮಾತ್ರ, ತಲೆಕೂದಲಿನ ದಪ್ಪದ ಐದನೇ ಅಥವಾ ಆರನೇ ಒಂದು ಪಾಲು.

ಇಷ್ಟು ಸಣ್ಣ ಹಿಗ್ಗುವಿಕೆ ಎಲ್ಲ ತಂತಿಗಳಿಗೂ ಒಂದೇ. ಅದರ ಪರಿಣಾಮ ಮಾತ್ರ ಒಂದೇ ಅಲ್ಲ, ಇಡೀ ವಿಷಯದ ಸೊಗಸು ಇಲ್ಲಿದೆ. 0.010 ಇಂಚು ದಪ್ಪದ ಒಂದನೇ ತಂತಿಯನ್ನು ಶ್ರುತಿಗೆ ತರಬೇಕಾದರೆ ಅದನ್ನು ಮೊದಲೇ ನಾಲ್ಕೂವರೆ ಮಿ.ಮೀ.ನಷ್ಟು ಹಿಗ್ಗಿಸಿರುತ್ತೇವೆ. 0.017 ಇಂಚಿನ ಮೂರನೇ ತಂತಿ, ಅಂದರೆ ಜಿ ತಂತಿ, ದಪ್ಪ ಉಕ್ಕು. ಅದು ಶ್ರುತಿಗೆ ಬರಲು ಒಂದೂವರೆ ಮಿ.ಮೀ.ಗೆ ಸ್ವಲ್ಪ ಹೆಚ್ಚು ಹಿಗ್ಗಿದರೆ ಸಾಕು. ಕಡಿಮೆ ಹಿಗ್ಗಿರುವ ತಂತಿಗೆ ಅದೇ 0.012 ಮಿ.ಮೀ. ದೊಡ್ಡ ಪಾಲು. ಲೆಕ್ಕ ಹಾಕಿದರೆ ಒಂದನೇ ತಂತಿಯ ಸ್ವರ ಎರಡು ಸೆಂಟ್‌ಗೆ ಚೂರು ಹೆಚ್ಚು ಏರಿದರೆ ಜಿ ತಂತಿಯದು ಆರು ಸೆಂಟ್ ದಾಟುತ್ತದೆ. ಸೆಂಟ್ ಎಂಬುದು ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಅಲೆಕ್ಸಾಂಡರ್ ಎಲ್ಲಿಸ್ ಬಳಕೆಗೆ ತಂದ ಅಳತೆ: ಒಂದು ಸ್ಥಾಯಿಗೆ 1200 ಸೆಂಟ್, ಒಂದು ಫ್ರೆಟ್‌ಗೆ 100. ಪಳಗಿದ ಕಿವಿ ಐದಾರು ಸೆಂಟ್ ವ್ಯತ್ಯಾಸವನ್ನು ಹಿಡಿದುಬಿಡುತ್ತದೆ.

ನಾಲ್ಕನೇ ತಂತಿ ಜಿಗಿಯುವುದಕ್ಕೂ ಕಾರಣ ಇದೇ. ನೋಡಲು ಅದು ಜಿ ತಂತಿಗಿಂತ ದಪ್ಪ, ಆದರೆ ಆ ದಪ್ಪವೆಲ್ಲ ಮೇಲೆ ಸುತ್ತಿದ ತೆಳು ತಂತಿಯದು. ಸುತ್ತು ಭಾರ ಕೊಡುತ್ತದೆಯೇ ಹೊರತು ಎಳೆತವನ್ನು ಹೊರುವುದಿಲ್ಲ, ಹೊರುವುದು ಒಳಗಿನ ಉಕ್ಕಿನ ಎಳೆ. ನಾಲ್ಕನೇ ತಂತಿಯಲ್ಲಿ ಆ ಎಳೆ ಜಿ ತಂತಿಗಿಂತ ತೆಳು. ಹೀಗಾಗಿ ಸುತ್ತಿಲ್ಲದ ಮೂರು ತಂತಿಗಳಿಗೆ ಒಂದು ಇಳಿಜಾರು, ಸುತ್ತಿರುವ ಮೂರಕ್ಕೆ ಇನ್ನೊಂದು. ಇದರ ಜೊತೆಗೆ ತಂತಿಯ ಗಡಸುತನವೂ ಸೇರುತ್ತದೆ. ದಪ್ಪ ಉಕ್ಕು ಫ್ರೆಟ್‌ನ ಅಂಚಿನಲ್ಲೇ ಬಾಗಲು ಒಪ್ಪುವುದಿಲ್ಲ, ನಿಜವಾಗಿ ಕಂಪಿಸುವ ಭಾಗ ಚೂರು ಗಿಡ್ಡವಾಗುತ್ತದೆ, ಸ್ವರ ಇನ್ನಷ್ಟು ಏರುತ್ತದೆ. ಮದ್ದು ಒಂದೇ: ಸ್ಯಾಡಲ್ ಹಿಂದಕ್ಕೆ ಸರಿಸಿ ತಂತಿಯನ್ನು ಲೆಕ್ಕಕ್ಕಿಂತ ಉದ್ದ ಮಾಡುವುದು. ಒಂದು ಮಿ.ಮೀ. ಸರಿಸಿದರೆ 12ನೇ ಫ್ರೆಟ್‌ನಲ್ಲಿ ಸ್ವರ ಸುಮಾರು 2.7 ಸೆಂಟ್ ಇಳಿಯುತ್ತದೆ.

ಪರೀಕ್ಷೆ ಸುಲಭ. ತಂತಿಯನ್ನು ಶ್ರುತಿ ಮಾಡಿ, 12ನೇ ಫ್ರೆಟ್‌ನ ಲೋಹದ ನೇರಕ್ಕೆ ಬೆರಳನ್ನು ಬರಿದೇ ತಾಗಿಸಿ, ಮೀಟಿ, ಬೆರಳು ತೆಗೆಯಿರಿ. ಗಂಟೆಯಂತೆ ತಿಳಿಯಾದ ಹಾರ್ಮೋನಿಕ್ ಕೇಳುತ್ತದೆ. ಇಲ್ಲಿ ತಂತಿಯನ್ನು ಯಾರೂ ಕೆಳಕ್ಕೆ ಒತ್ತಿಲ್ಲ, ಬಿಗಿ ಬದಲಾಗಿಲ್ಲ, ಅದು ತನ್ನ ಪಾಡಿಗೆ ತಾನೇ ಎರಡಾಗಿ ಕಂಪಿಸುತ್ತಿದೆ. ಈಗ ಅದೇ ಫ್ರೆಟ್‌ನಲ್ಲಿ ಒತ್ತಿ ನುಡಿಸಿ. ಎರಡೂ ಸ್ವರ ಟ್ಯೂನರಿನಲ್ಲಿ ಒಂದೇ ಕಡೆ ನಿಂತರೆ ಸ್ಯಾಡಲ್ ಸರಿಯಿದೆ. ಒತ್ತಿದ ಸ್ವರ ಮೇಲಿದ್ದರೆ ಸ್ಯಾಡಲ್ ಹಿಂದಕ್ಕೆ, ಕೆಳಗಿದ್ದರೆ ಮುಂದಕ್ಕೆ. ಸ್ಟ್ರಾಟೋಕಾಸ್ಟರಿನಲ್ಲಿ ಬ್ರಿಡ್ಜಿನ ಹಿಂಬದಿಯ ತಿರುಪನ್ನು ಸ್ಟಾರ್ ಸ್ಕ್ರೂಡ್ರೈವರಿನಿಂದ ಬಲಕ್ಕೆ ತಿರುಗಿಸಿದರೆ ಸ್ಯಾಡಲ್ ಹಿಂದೆ ಬರುತ್ತದೆ. ಸರಿಸುವ ಮೊದಲು ತಂತಿಯನ್ನು ಸ್ವಲ್ಪ ಸಡಿಲಿಸಿ. ಸರಿಸಿದ ಮೇಲೆ ಮತ್ತೆ ಶ್ರುತಿ ಮಾಡಿಯೇ ನೋಡಬೇಕು. ಅವಸರದಲ್ಲಿ ಜನ ಬಿಡುವುದು ಈ ಕೊನೆಯದನ್ನೇ, ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ. ಗಿಟಾರನ್ನು ಮೇಜಿನ ಮೇಲೆ ಮಲಗಿಸಿ ಅಳೆಯಬೇಡಿ, ನುಡಿಸುವಾಗ ಹಿಡಿಯುವ ಭಂಗಿಯಲ್ಲೇ ಹಿಡಿದು, ದಿನವೂ ಒತ್ತುವಷ್ಟೇ ಒತ್ತಿ. ಗಟ್ಟಿಯಾಗಿ ಒತ್ತುವ ಕೈಗೂ ಹಗುರ ಕೈಗೂ ಫಲಿತಾಂಶ ಬೇರೆ ಬರುತ್ತದೆ, ಅದು ಬೇರೆ ಬರಲೇಬೇಕು.

ಇದೆಲ್ಲ ಕೊನೆಯ ಕೆಲಸ ಎಂಬುದನ್ನು ಒತ್ತಿ ಹೇಳಬೇಕು. ಮೊದಲು ಹೊಸ ತಂತಿ. ಬೆವರು, ಕೊಳೆ, ತುಕ್ಕು ಹಿಡಿದ ತಂತಿಯ ಭಾರ ಉದ್ದಕ್ಕೂ ಒಂದೇ ಸಮ ಇರುವುದಿಲ್ಲ, ಅದರ ನಡುಬಿಂದು ಎಂಬುದಕ್ಕೇ ಅರ್ಥ ಉಳಿದಿರುವುದಿಲ್ಲ. ಕರಾವಳಿಯ ಸೆಕೆಯಲ್ಲಿ ತಂತಿಗಳು ಬೇಗನೆ ಈ ಸ್ಥಿತಿಗೆ ಬರುತ್ತವೆ. ಆಮೇಲೆ ನೆಕ್‌ನೊಳಗಿನ ಲೋಹದ ಸರಳನ್ನು, ಅಂದರೆ ಟ್ರಸ್ ರಾಡ್ ಅನ್ನು, ತಿರುಗಿಸಿ ನೆಕ್‌ನ ಬಾಗು ಸರಿಮಾಡಿ, ಅದಾದ ಮೇಲೆ ತಂತಿಯ ಎತ್ತರ. ಎತ್ತರ ಬದಲಾದರೆ ಹಿಗ್ಗುವ ಪ್ರಮಾಣವೂ ಬದಲಾಗುತ್ತದೆ, ಅದೂ ವರ್ಗದ ಲೆಕ್ಕದಲ್ಲಿ: ಎತ್ತರ ಎರಡು ಪಟ್ಟಾದರೆ ಹಿಗ್ಗುವುದು ನಾಲ್ಕು ಪಟ್ಟು. ಆದ್ದರಿಂದ ಎತ್ತರ ಮುಟ್ಟಿದಾಗಲೆಲ್ಲ ಇಂಟೊನೇಶನ್ ಮತ್ತೆ ನೋಡಬೇಕು.

ಸ್ಯಾಡಲ್‌ನಿಂದ ಸರಿಹೋಗದ ತೊಂದರೆಗಳೂ ಇವೆ. ನಟ್‌ನ ಕೊರಕಲು ಎತ್ತರವಾಗಿದ್ದರೆ ಒಂದು, ಎರಡನೇ ಫ್ರೆಟ್‌ಗಳಲ್ಲಿ ಸ್ವರ ಕಿವಿಗೆ ಹೊಡೆಯುವಷ್ಟು ಏರಿರುತ್ತದೆ. 12ನೇ ಫ್ರೆಟ್‌ನಲ್ಲಿ 2.7 ಸೆಂಟ್ ತಿದ್ದುವ ಅದೇ ಒಂದು ಮಿ.ಮೀ. ಒಂದನೇ ಫ್ರೆಟ್‌ನಲ್ಲಿ ಒಂದು ಸೆಂಟ್‌ನ ಐದನೇ ಒಂದು ಭಾಗವನ್ನೂ ತಿದ್ದುವುದಿಲ್ಲ, ಅಲ್ಲಿ ನಟ್ಟನ್ನೇ ಅರ ಹಾಕಿ ತಗ್ಗಿಸಬೇಕು. ಇನ್ನೊಂದು, ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್‌ನ ಅಯಸ್ಕಾಂತ. ಅದು ತಂತಿಗೆ ತೀರಾ ಹತ್ತಿರವಿದ್ದರೆ ದಪ್ಪ ತಂತಿಯನ್ನು ಎಳೆಯುತ್ತಾ ಅದರ ಕಂಪನವನ್ನೇ ಕೆಡಿಸುತ್ತದೆ, ಒಂದೇ ಸ್ವರದೊಳಗೆ ಎರಡು ಸ್ವರ ಅಲೆಯಾಡಿದಂತೆ ಕೇಳುತ್ತದೆ. ಟ್ಯೂನರಿನ ಮುಳ್ಳು ನಿಲ್ಲದೆ ಒದ್ದಾಡಿದರೆ ಮೊದಲು ಪಿಕಪ್ ಕೆಳಗಿಳಿಸಿ ನೋಡಿ.

ತಂತಿಗೊಂದು ಸ್ಯಾಡಲ್ ಎಂಬುದು ಮೊದಲಿನಿಂದ ಇದ್ದದ್ದಲ್ಲ. ರೇಡಿಯೊ ರಿಪೇರಿಯಿಂದ ಬಂದ ಲಿಯೊ ಫೆಂಡರ್ 1950ರಲ್ಲಿ ಮಾರುಕಟ್ಟೆಗೆ ತಂದ, ಮುಂದೆ ಟೆಲಿಕಾಸ್ಟರ್ ಎಂದು ಹೆಸರಾದ ಗಿಟಾರಿನಲ್ಲಿ ಮೂರೇ ಸ್ಯಾಡಲ್‌ಗಳಿದ್ದವು, ಒಂದರ ಮೇಲೆ ಎರಡು ತಂತಿ. ಆಗಿನ ಜಿ ತಂತಿಗೂ ಸುತ್ತು ಇರುತ್ತಿದ್ದರಿಂದ ಅದು ಹೇಗೋ ನಡೆಯಿತು. 1960ರ ದಶಕದಲ್ಲಿ ವಾದಕರು ತಂತಿಯನ್ನು ಬದಿಗೆ ಎಳೆದು ಸ್ವರ ಜಾರಿಸಲು ಅನುಕೂಲವೆಂದು ಸುತ್ತಿಲ್ಲದ ಜಿ ತಂತಿಗೆ ಹೊರಳಿದರು. ಆಗ ಒಂದೇ ಸ್ಯಾಡಲ್ ಹಂಚಿಕೊಂಡ ಜಿ ಮತ್ತು ನಾಲ್ಕನೆಯ ಡಿ ತಂತಿಗಳಲ್ಲಿ ಒಂದು ಸರಿಹೋದರೆ ಇನ್ನೊಂದು ತಪ್ಪುವಂತಾಯಿತು. ಟೆಲಿಕಾಸ್ಟರಿಗಾಗಿ ಓರೆಯಾಗಿ ಕೊರೆದ ಸ್ಯಾಡಲ್‌ಗಳು ಬಂದದ್ದು ಇದರಿಂದ. ಫೆಂಡರ್‌ನದೇ ಸ್ಟ್ರಾಟೋಕಾಸ್ಟರ್ 1954ರಲ್ಲೇ ಆರು ಸ್ಯಾಡಲ್‌ಗಳೊಂದಿಗೆ ಬಂದಿತ್ತು. ಅದೇ ವರ್ಷ ಗಿಬ್ಸನ್ ಕಂಪನಿ ತನ್ನ ಲೆಸ್ ಪಾಲ್ ಕಸ್ಟಮ್‌ನಲ್ಲಿ ಟ್ಯೂನ್-ಓ-ಮ್ಯಾಟಿಕ್ ಬ್ರಿಡ್ಜ್ ಕೂರಿಸಿ ಅದೇ ಸೌಲಭ್ಯ ಕೊಟ್ಟಿತು.

ಸ್ಯಾಡಲ್‌ಗಳನ್ನೆಲ್ಲ ಸರಿಯಾಗಿ ಹೊಂದಿಸಿದ ಮೇಲೂ ಇ ಮೇಜರ್ ಕಾರ್ಡ್ ಹಿಡಿದರೆ ಜಿ ತಂತಿ ಚುಚ್ಚುತ್ತದೆಂದು ದೂರುವವರಿದ್ದಾರೆ. ಅವರ ಕಿವಿ ಸರಿಯಾಗಿಯೇ ಇದೆ. ಆ ಕಾರ್ಡಿನಲ್ಲಿ ಜಿ ತಂತಿಯ ಒಂದನೇ ಫ್ರೆಟ್ ನುಡಿಯುವುದು ಅಂತರ ಗಾಂಧಾರವನ್ನು. ಷಡ್ಜಕ್ಕೂ ಅದಕ್ಕೂ 5:4 ಅನುಪಾತವಿದ್ದಾಗ ಕಿವಿಗೆ ಹಿತ, ಅದು 386 ಸೆಂಟ್. ಸಮ ಹೆಜ್ಜೆಯ ಫ್ರೆಟ್ ಕೊಡುವುದು 400. ಈ ಹದಿನಾಲ್ಕು ಸೆಂಟ್ ವಾದ್ಯದ ದೋಷವಲ್ಲ, ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದ್ದಕ್ಕೆ ತೆತ್ತ ಬೆಲೆ. ಆ ಗಾಂಧಾರ ಹಿತವಾಗಲೆಂದು ಜಿ ತಂತಿಯನ್ನು ಇಳಿಸಿದರೆ ಡಿ ಕಾರ್ಡ್ ಹಿಡಿದ ಕೂಡಲೇ ಅದೇ ತಂತಿ ಬೇಸೂರಾಗುತ್ತದೆ. ಇದನ್ನು ಸ್ಯಾಡಲ್ ತಿರುಪಿನಿಂದ ಗುಣಪಡಿಸಲು ಹೊರಟವರು ಸರಿಯಿದ್ದ ಗಿಟಾರನ್ನೂ ಕೆಡಿಸುತ್ತಾರೆ.

ಬೆರಳು ಒತ್ತಿದಾಗ ಸ್ವರ ಏರುವ ಸಮಸ್ಯೆಯನ್ನು ನಮ್ಮ ವೀಣೆ ಬೇರೆ ಕಡೆಯಿಂದ ಬಿಡಿಸಿದೆ. ಅದರ 24 ಮೆಟ್ಟಿಲುಗಳು, ಅಂದರೆ ಫ್ರೆಟ್‌ಗಳು, ಕೂರುವುದು ಮೇಣದ ಮೇಲೆ. ಕುಶಲಕರ್ಮಿ ತಂತಿ ಮೀಟುತ್ತಾ, ಒತ್ತುತ್ತಾ, ಸ್ವರ ಕಿವಿಗೆ ಒಪ್ಪಿದ ಜಾಗದಲ್ಲಿ ಒಂದೊಂದು ಮೆಟ್ಟಿಲನ್ನೂ ನಿಲ್ಲಿಸುತ್ತಾನೆ. ಬೆರಳಿನಿಂದಾಗುವ ಏರಿಕೆ ಮೆಟ್ಟಿಲಿನ ಜಾಗದಲ್ಲೇ ಲೆಕ್ಕಕ್ಕೆ ಬಂದುಬಿಡುತ್ತದೆ. ಆದರೂ ಒಂದೇ ಮೆಟ್ಟಿಲು ನಾಲ್ಕು ತಂತಿಗಳಿಗೂ ಅಡ್ಡಲಾಗಿ ನಿಲ್ಲುವುದರಿಂದ ಅಲ್ಲಿಯೂ ಕೊಂಚ ರಾಜಿ ಇದ್ದೇ ಇದೆ. ಆ ರಾಜಿಯೂ ಬೇಡವೆಂದವರು ಸ್ವೀಡನ್ನಿನ ಟ್ರೂ ಟೆಂಪರಮೆಂಟ್ ಎಂಬ ಕಂಪನಿಯವರು. ಅವರ ಗಿಟಾರ್ ಫ್ರೆಟ್‌ಗಳು ನೆಕ್‌ಗೆ ಅಡ್ಡಲಾಗಿ ಹಾವಿನಂತೆ ಬಳುಕುತ್ತವೆ, ಪ್ರತಿ ತಂತಿಗೂ ಪ್ರತಿ ಫ್ರೆಟ್‌ನಲ್ಲೂ ಅದರದೇ ಜಾಗ. ತಂತಿಯ ದಪ್ಪವನ್ನೋ ಶ್ರುತಿಯ ಕ್ರಮವನ್ನೋ ಬದಲಿಸಿದರೆ ಮಾತ್ರ ಆ ಬಳುಕು ಲೆಕ್ಕ ತಪ್ಪುತ್ತದೆ. ಅಂಥ ಫ್ರೆಟ್ಟನ್ನು ಸ್ಕ್ರೂಡ್ರೈವರ್ ಹಿಡಿದು ಸರಿಸುವಂತೆಯೂ ಇಲ್ಲ.